ಎಂಆರ್‌ಪಿ ಎಷ್ಟು ಹಾಕ್ಲಿ, ಸರ್?

ಮೆಡಿಕಲ್ ಶಾಪಿನ ವಾಸನೆ ಕೆಲವರಿಗೆ ಇಷ್ಟವಂತೆ. ಒಳಗೆ ಕಾಲಿಟ್ಟರೆ ಸಾಕು, ಅರ್ಧ ಕಾಯಿಲೆ ವಾಸಿಯಾದ ಹಾಗಾಗುತ್ತದೆ ಅಂತ ನನ್ನ ಅತ್ತಿಗೆ ಹೇಳುತ್ತಿರುತ್ತಾಳೆ. ನನಗೆ ಹೊಟ್ಟೆ ತೊಳಸುತ್ತದೆ. ತಲೆನೋವಿನ ಮಾತ್ರೆ ಬೇಕಾದರೂ ಮಗಳನ್ನು ಒಳಗೆ ಕಳಿಸಿ ನಾನು ಫುಟ್‌ಪಾತಿನ ಮೇಲೆ ನಿಲ್ಲುತ್ತೇನೆ. ಹನ್ನೊಂದು ವರ್ಷ ಅಂಥದೇ ಅಂಗಡಿಯ ಕೌಂಟರಿನ ಹಿಂದೆ ಕೂತವಳಿಗೆ ಇದೇನು ಹೊಸದಾಗಿ ಬಂತು ಅಂತ ಕೇಳಿದವರಿಗೆಲ್ಲ ಧೂಳು, ಅಲರ್ಜಿ, ಬೆನ್ನುನೋವು ಅಂತ ಏನೇನೋ ಹೇಳಿ ಸಾಗಹಾಕಿದ್ದೇನೆ. ನಿಜವಾದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಆ ಅಂಗಡಿಗೆ ಸೇರಿದ್ದು 2008ರಲ್ಲಿ. ಏರ್‌ಪೋರ್ಟು ದೇವನಹಳ್ಳಿಗೆ ಹೋಗಿ, ಹೆಬ್ಬಾಳದ ಫ್ಲೈಓವರ್ ಕೆಳಗೆ ನಮ್ಮ ಬಸ್ಸುಗಳು ಅರ್ಧರ್ಧ ಗಂಟೆ ನಿಲ್ಲುವುದು ಶುರುವಾದ ವರ್ಷ ಅದು. ನನ್ನ ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಮಗಳಿಗೆ ಮೂರು ವರ್ಷ. ಮದುವೆಗೆ ಮುಂಚೆ ಡಿ.ಫಾರ್ಮ ಮಾಡಿದ್ದೆ. ಅಪ್ಪ ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದವರು, ದನಕರುಗಳ ಔಷಧಿ ಎತ್ತಿಕೊಡುತ್ತಿದ್ದವರು. ಮಗಳು ಮನುಷ್ಯರ ಔಷಧಿ ಎತ್ತಿಕೊಡಲಿ ಅಂತ ಹಟ ಹಿಡಿದು ಓದಿಸಿದ್ದರು. ಆರ್.ಟಿ. ನಗರದಲ್ಲಿ ನನ್ನ ಸೋದರಮಾವನದ್ದೇ ಮೆಡಿಕಲ್ ಶಾಪ್ ಇತ್ತು. “ಹೊರಗೆಲ್ಲೋ ಯಾಕೆ ಹೋಗ್ತೀಯ, ಬಾ ನಮ್ಮ ಅಂಗ್ಡೀಲೇ ಕೂತ್ಕೊ” ಅಂದ ಮಾಮ. ಅಮ್ಮ ಅವನ ಕೈ ಹಿಡಿದುಕೊಂಡು ಅತ್ತಳು.

ಮಾಮ ಓದಿದ್ದು ಬಿ.ಕಾಂ. ಔಷಧಿ ಅಂಗಡಿಯ ಲೈಸೆನ್ಸಿಗೆ ಫಾರ್ಮಸಿ ಓದಿದವರ ಸರ್ಟಿಫಿಕೇಟ್ ಬೇಕು. ನಮ್ಮ ಊರಿನಲ್ಲಿ ಇದಕ್ಕೊಂದು ಪದ್ಧತಿಯೇ ಇದೆ: ಮನೆ ಬಾಡಿಗೆಗೆ ಕೊಟ್ಟ ಹಾಗೆ ಸರ್ಟಿಫಿಕೇಟನ್ನು ಬಾಡಿಗೆಗೆ ಕೊಡುವುದು. ಅಲ್ಲಿಯವರೆಗೆ ಮಾಮನ ಗೋಡೆಯ ಮೇಲೆ ತುಮಕೂರಿನ ಯಾರೋ ಒಬ್ಬರ ಸರ್ಟಿಫಿಕೇಟ್ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಆ ಮನುಷ್ಯನನ್ನು ಅಂಗಡಿಯಲ್ಲಿ ಕಂಡವರಿಲ್ಲ. ನಾನು ಸೇರಿದ ವಾರವೇ ಅದು ಕೆಳಗಿಳಿದು ನನ್ನದು ಮೇಲೇರಿತು. ತಿಂಗಳ ಬಾಡಿಗೆ ಉಳಿಯಿತು, ಕೂರಲು ಒಬ್ಬಳು ಸಿಕ್ಕಳು, ಅಕ್ಕನ ಮಗಳಿಗೆ ಆಸರೆ ಕೊಟ್ಟ ಅಂತ ಹೆಸರೂ ಬಂತು. ಮಾಮನಿಗೆ ಯಾವುದೂ ಒಂದೇ ಲಾಭಕ್ಕೆ ನಿಲ್ಲುತ್ತಿರಲಿಲ್ಲ.

ಅವನು ನನಗೆ ಹೇಳಿಕೊಟ್ಟ ಮೊದಲ ಪಾಠ ಹೀಗಿತ್ತು. ಒಂದು ಸ್ಟ್ರಿಪ್ಪಿಗೆ ಎರಡು ಬೆಲೆ. ಒಂದು, ಹಿಂದುಗಡೆ ಅಚ್ಚಾಗಿರುವ ಎಂಆರ್‌ಪಿ. ಇನ್ನೊಂದು, ನಮಗೆ ಸಗಟಿನಲ್ಲಿ ಮಾತ್ರೆ ಕೊಡುವ ಸ್ಟಾಕಿಸ್ಟಿನ ಬಿಲ್ಲಿನಲ್ಲಿರುವ ನಮ್ಮ ಬೆಲೆ. ಮೊದಲನೆಯದನ್ನು ಊರೆಲ್ಲ ನೋಡಬಹುದು, ಎರಡನೆಯದನ್ನು ಗಿರಾಕಿ ಸಾಯುವವರೆಗೂ ನೋಡಬಾರದು. ಆ ಬಿಲ್ಲುಗಳು ಕ್ಯಾಶ್ ಡ್ರಾಯರಿನ ಕೆಳಗಿನ ಖಾನೆಯಲ್ಲಿ ಬೀಗದೊಳಗಿರುತ್ತಿದ್ದವು. ದೊಡ್ಡ ಕಂಪನಿಗಳ ಹೆಸರಾಂತ ಮಾತ್ರೆಗಳಲ್ಲಿ ಈ ಎರಡು ಬೆಲೆಗಳ ನಡುವೆ ರೂಪಾಯಿಗೆ ನಾಲ್ಕಾಣೆಯ ಅಂತರ. ಅದರಲ್ಲಿ ತಪ್ಪೇನಿಲ್ಲ, ಅಂಗಡಿಯವನೂ ಬದುಕಬೇಕು. ಆದರೆ ಪೇಟೆಂಟ್ ಮುಗಿದ ಮಾತ್ರೆಗಳ ಕಥೆಯೇ ಬೇರೆ.

ಹೊಸ ಔಷಧಿ ಕಂಡುಹಿಡಿದ ಕಂಪನಿಗೆ ಇಷ್ಟು ವರ್ಷ ಅಂತ ಪೇಟೆಂಟ್ ಇರುತ್ತದೆ, ಅಷ್ಟು ದಿನ ಬೇರೆ ಯಾರೂ ಅದನ್ನು ಮಾಡುವ ಹಾಗಿಲ್ಲ, ಬೆಲೆ ಅವರು ಹೇಳಿದ್ದೇ. ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಮಾಡಬಹುದು, ಹತ್ತಾರು ಕಂಪನಿಗಳು ನುಗ್ಗುತ್ತವೆ, ಪೈಪೋಟಿಯಲ್ಲಿ ಬೆಲೆ ಬಿದ್ದುಹೋಗುತ್ತದೆ. ಕಾಲೇಜಿನಲ್ಲಿ ನಮ್ಮ ಮೇಡಂ ಬೋರ್ಡಿನ ಮೇಲೆ ಇದನ್ನು ಬರೆದು, ಇಳಿಯುವ ಗೆರೆಯೊಂದನ್ನು ಎಳೆದಿದ್ದರು. ನಾನೂ ನೋಟ್ಸಿನಲ್ಲಿ ಎಳೆದುಕೊಂಡಿದ್ದೆ. ಗೆರೆ ಸುಳ್ಳಲ್ಲ. ಬೆಲೆ ಬಿದ್ದೇ ಬೀಳುತ್ತದೆ, ಆದರೆ ಅದು ಬೀಳುವುದು ಅಂಗಡಿಯವನ ಪಾಲಿಗೆ. ಕೊಳ್ಳುವವನು ತರಕಾರಿ ಆರಿಸಿದ ಹಾಗೆ ಮಾತ್ರೆ ಆರಿಸುವುದಿಲ್ಲವಲ್ಲ. ಡಾಕ್ಟರ್ ಬರೆದದ್ದನ್ನು ನಾವು ಕೊಡುತ್ತೇವೆ, ಅವನು ನುಂಗುತ್ತಾನೆ. ಹಾಗಾಗಿ ಕಂಪನಿಗಳು ನುಂಗುವವನನ್ನು ಒಲಿಸಿಕೊಳ್ಳಲು ಹೋಗುವುದಿಲ್ಲ. ಕೊಡುವವನನ್ನು ಒಲಿಸಿಕೊಳ್ಳುತ್ತವೆ. ಎಂಆರ್‌ಪಿ ಮೇಲೇ ಇರುತ್ತದೆ, ನಮ್ಮ ಬೆಲೆ ಮಾತ್ರ ವರ್ಷವರ್ಷಕ್ಕೆ ಇಳಿಯುತ್ತದೆ. ಜೊತೆಗೆ ಸ್ಕೀಮು: ಹತ್ತು ಬಾಕ್ಸಿಗೆ ಮೂರು ಫ್ರೀ, ಐವತ್ತು ಬಾಕ್ಸಿಗೆ ಮಿಕ್ಸಿ, ಇನ್ನೂ ಮೇಲೆ ಹೋದರೆ ಬ್ಯಾಂಕಾಕ್. ಮಾಮ ಎರಡು ಸಲ ಬ್ಯಾಂಕಾಕಿಗೆ ಹೋಗಿಬಂದ. ಒಂದು ಸಲ ಬಿ.ಪಿ. ಮಾತ್ರೆಯ ಮೇಲೆ, ಇನ್ನೊಂದು ಸಲ ಮಕ್ಕಳ ಕೆಮ್ಮಿನ ಔಷಧಿಯ ಮೇಲೆ. ಅಲ್ಲಿಂದ ಆನೆಯ ಚಿತ್ರವಿದ್ದ ಕೀಚೈನ್ ತಂದುಕೊಟ್ಟ, ನಾನೂ ಹಲ್ಲು ಕಿರಿದು ತೆಗೆದುಕೊಂಡೆ.

ಇದರಲ್ಲೆಲ್ಲ ಅತ್ಯಂತ ಹೇಸಿಗೆಯ ಸಂಗತಿ ಡಿಸ್ಕೌಂಟು. ಅಚ್ಚಾದ ಬೆಲೆಯಲ್ಲಿ ಐದನೇ ಒಂದು ಪಾಲಿಗೆ ನಮಗೆ ಬಂದ ಮಾತ್ರೆಯನ್ನು ‘ನಿಮಗೆ ಅಂತ ಇಪ್ಪತ್ತು ಪರ್ಸೆಂಟ್ ಬಿಟ್ಟಿದ್ದೀನಿ’ ಅಂತ ಹೇಳಿ ಕೊಡುವುದು. ಪೆನ್ಷನ್ ಬರುವ ದಿನ ಮುದುಕರು ಬಸ್ಸು ಹತ್ತಿ ಬರುತ್ತಿದ್ದರು, ಈ ಅಂಗಡಿಯಲ್ಲಿ ಬಿಟ್ಟು ಕೊಡುತ್ತಾರೆ ಅಂತ. ನಾಗಸಂದ್ರದಿಂದ ಬರುತ್ತಿದ್ದ ಒಬ್ಬರು ದೀಪಾವಳಿಗೆ ಮಾಮನಿಗೆ ಸ್ವೀಟ್ ಬಾಕ್ಸ್ ತಂದುಕೊಡುತ್ತಿದ್ದರು. ಮಾಮ ಎದ್ದು ನಿಂತು ಎರಡು ಕೈಯಲ್ಲಿ ಇಸಿದುಕೊಳ್ಳುತ್ತಿದ್ದ. ಆಮೇಲೆ ನನಗೂ ಒಂದು ಮೈಸೂರುಪಾಕು ಕೊಡುತ್ತಿದ್ದ. ತಿನ್ನುತ್ತಿದ್ದೆ. ಮಗಳ ಸ್ಕೂಲ್ ಫೀಸು, ಮನೆ ಬಾಡಿಗೆ, ಅಮ್ಮನ ಕಣ್ಣಿನ ಆಪರೇಷನ್ ಎಲ್ಲ ಅದೇ ಕೌಂಟರಿನಿಂದ ನಡೆದದ್ದು. ನನ್ನ ಬಾಯಿಗೂ ಬೀಗ ಬಿದ್ದಿತ್ತು, ಅದನ್ನು ಹಾಕಿಕೊಂಡವಳು ನಾನೇ.

ಅಂಗಡಿಯ ಎದುರುಗಡೆ, ರಸ್ತೆ ದಾಟಿದರೆ, ಒಂದು ಟೈಲರ್ ಅಂಗಡಿ. ಎರಡು ಮಿಷನ್, ಒಂದು ಕಟಿಂಗ್ ಟೇಬಲ್, ಅಷ್ಟಕ್ಕೇ ತುಂಬಿಹೋಗುವ ಜಾಗ. ಅದನ್ನು ನಡೆಸುತ್ತಿದ್ದವರನ್ನು ಬೀದಿಯವರೆಲ್ಲ ಮಾಸ್ಟರ್ ಅನ್ನುತ್ತಿದ್ದೆವು. ಬಿಳಿ ಗಡ್ಡ, ಕುತ್ತಿಗೆಯಲ್ಲಿ ಟೇಪು. ಮನೆ ಅಂಗಡಿಯ ಹಿಂದಿನ ಗಲ್ಲಿಯಲ್ಲಿ. ನನ್ನ ಮಗಳ ಯೂನಿಫಾರ್ಮು ಒಂದನೇ ಕ್ಲಾಸಿನಿಂದ ಹೊಲಿದದ್ದು ಅವರೇ. ಪ್ರತಿ ವರ್ಷ ಎರಡಿಂಚು ಒಳಗೆ ಮಡಿಸಿಟ್ಟು ಹೊಲಿಯುತ್ತಿದ್ದರು, ಮುಂದಿನ ವರ್ಷ ಬಿಚ್ಚಿಕೊಳ್ಳಲಿ ಅಂತ. ಸಂಜೆ ನಾಲ್ಕಕ್ಕೆ ಅವರಿಗೆ ಟೀ ಬಂದರೆ ನನಗೂ ಒಂದು ಲೋಟ ರಸ್ತೆ ದಾಟಿ ಬರುತ್ತಿತ್ತು. ನನ್ನನ್ನು ಬೇಟಿ ಅನ್ನುತ್ತಿದ್ದರು. ಅವರ ಸ್ವಂತ ಮಗಳು ಮದುವೆಯಾಗಿ ಹೊಸೂರಿನಲ್ಲಿದ್ದಳು.

2018ರ ಕೊನೆಯಲ್ಲಿ ಮಾಸ್ಟರಿಗೆ ಹಾರ್ಟ್ ಅಟ್ಯಾಕ್ ಆಯಿತು. ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ ಚೀಟಿಯಲ್ಲಿ ಐದಾರು ಮಾತ್ರೆ ಬರೆದಿದ್ದರು, ಅದರಲ್ಲಿ ಒಂದು ಬಹಳ ಮುಖ್ಯವಾದದ್ದು. ಹಾಕಿದ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಅದು. ಬೆಳಿಗ್ಗೆ ಒಂದು, ರಾತ್ರಿ ಒಂದು, ಒಂದು ವರ್ಷ ತಪ್ಪಿಸುವ ಹಾಗಿಲ್ಲ. ಆಗ ಅದನ್ನು ಮಾಡುತ್ತಿದ್ದದ್ದು ಒಂದೇ ಕಂಪನಿ. ಬೆಲೆ ಕೇಳಿ ಮಾಸ್ಟರ್ ಚೀಟಿಯನ್ನು ತಿರುಗಿಸಿ ಹಿಂದುಗಡೆ ನೋಡಿದರು, ಅಲ್ಲಿ ಇನ್ನೇನಾದರೂ ಬರೆದಿದೆಯೋ ಅನ್ನುವ ಹಾಗೆ. ಮೊದಲ ಎರಡು ತಿಂಗಳು ಅಳಿಯ ಕೊಡಿಸಿದ.

ಅಷ್ಟರಲ್ಲಿ ಆ ಮಾತ್ರೆಯ ಪೇಟೆಂಟ್ ಮುಗಿಯಿತು. ನಮ್ಮ ವ್ಯಾಪಾರದಲ್ಲಿ ಅದು ಹಬ್ಬ. ಎರಡೇ ವಾರದಲ್ಲಿ ಎಂಟೊಂಬತ್ತು ಕಂಪನಿಗಳ ಸೇಲ್ಸ್ ರೆಪ್‌ಗಳು ಬ್ಯಾಗು ಹಿಡಿದು ಬಂದರು. ಒಬ್ಬನ ಮಾತ್ರೆಯ ಹೆಸರು ಇನ್ನೊಬ್ಬನದರ ತಮ್ಮನ ಹಾಗೆ ಕೇಳಿಸುತ್ತಿತ್ತು, ಒಳಗಿನ ಔಷಧಿ ಎಲ್ಲದರಲ್ಲೂ ಅದೇ. ನನಗೆ ಒಳಗೊಳಗೇ ಖುಷಿಯಾಗಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಮಾಸ್ಟರಿಗೆ ಇನ್ನು ಸುಲಭವಾಗುತ್ತದೆ ಅಂದುಕೊಂಡಿದ್ದೆ. ಹತ್ತು ವರ್ಷ ಆ ಅಂಗಡಿಯಲ್ಲಿ ಕೂತೂ ನಾನು ಅಷ್ಟು ಪೆದ್ದಿಯಾಗಿದ್ದೆ.

ಒಂದು ಮಧ್ಯಾಹ್ನ ಸಣ್ಣ ಕಂಪನಿಯೊಂದರವನು ಬಂದ. ಇಂಥವರಿಗೆ ಸ್ವಂತ ಫ್ಯಾಕ್ಟರಿ ಇರುವುದಿಲ್ಲ. ಎಲ್ಲೋ ಮಾಡಿಸಿ, ಮೇಲೆ ತಮ್ಮ ಹೆಸರು ಅಚ್ಚು ಹಾಕಿಸಿ ಮಾರುತ್ತಾರೆ. ಮಾಮ ಆ ಏರಿಯಾದ ನಾಲ್ಕೈದು ಅಂಗಡಿಯವರ ಪರವಾಗಿ ಒಟ್ಟಿಗೆ ಆರ್ಡರ್ ಕೊಡುತ್ತಿದ್ದ, ಹಾಗಾಗಿ ಕಂಪನಿಯವರು ಅವನಿಗೆ ಬಾದಾಮಿ ಹಾಲು ಕುಡಿಸಿ ಮಾತಾಡುತ್ತಿದ್ದರು. ಬಂದವನು ಡೈರಿ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಕೇಳಿದ.

“ಎಂಆರ್‌ಪಿ ಎಷ್ಟು ಹಾಕ್ಲಿ, ಸರ್?”

ನಾನು ಬಿಲ್ಲು ಬರೆಯುತ್ತಿದ್ದವಳು ತಲೆ ಎತ್ತಿದೆ. ಮಾಮ ಸೀಟಿನಲ್ಲಿ ಹಿಂದಕ್ಕೆ ಒರಗಿ, ಅಂಗಡಿಯ ಬಾಗಿಲಿನಿಂದಾಚೆಗೆ ರಸ್ತೆಯನ್ನು ನೋಡಿದ. ಎದುರುಗಡೆ ಮಾಸ್ಟರ್ ಸೂಜಿಗೆ ದಾರ ಪೋಣಿಸುತ್ತಿದ್ದರು.

“ಹಳೇ ಕಂಪನಿದಕ್ಕಿಂತ ಒಂಚೂರು ಕಡಿಮೆ ಹಾಕು” ಅಂದ. “ಮುನ್ನೂರ ತೊಂಬತ್ತು ಮಾಡು. ಜಾಸ್ತಿ ಇಳಿಸ್ಬೇಡ ಗುರು, ಜನ ಅನುಮಾನ ಪಡ್ತಾರೆ.”

“ನಿಮಗೆ ಎಪ್ಪತ್ತೆಂಟಕ್ಕೆ ಕೊಡ್ತೀನಿ.”

“ಸ್ಕೀಮು?”

“ಅದು ಇದ್ದೇ ಇರತ್ತಲ್ಲ, ಸರ್.”

ಒಂದು ಮಾತ್ರೆಯ ಬೆಲೆ ನಿರ್ಧಾರವಾಗುವುದು ಹೀಗೆ. ದೆಹಲಿಯಲ್ಲೋ ಮುಂಬೈಯಲ್ಲೋ ದೊಡ್ಡ ದೊಡ್ಡವರು ಕೂತು ಲೆಕ್ಕ ಹಾಕುತ್ತಾರೆ ಅಂದುಕೊಂಡಿದ್ದೆ. ಬಾದಾಮಿ ಹಾಲು ಕುಡಿಯುತ್ತ, ಎದುರು ಅಂಗಡಿಯವನ ಜೇಬು ಎಷ್ಟು ತಡೆದೀತು ಅಂತ ಕಣ್ಣಲ್ಲೇ ಅಳೆದು ಹೇಳಿಬಿಡುವುದು. ಸರ್ಕಾರ ಬೆಲೆ ಕಟ್ಟಿಹಾಕಿದ ಔಷಧಿಗಳ ಪಟ್ಟಿಯಲ್ಲಿ ಈ ಮಾತ್ರೆ ಆಗ ಇರಲಿಲ್ಲ ಅನ್ನುವುದನ್ನು ಇಬ್ಬರೂ ಬಾಯಿಪಾಠ ಮಾಡಿಕೊಂಡಿದ್ದರು. ಆ ಮನುಷ್ಯ ಹೋಗುವಾಗ ನನಗೆ ಒಂದು ಪೆನ್ನು ಕೊಟ್ಟು ಹೋದ.

ಅದೇ ವಾರ ಇನ್ನೊಂದು ಕಂಪನಿಯ ರೆಪ್ ಬಂದಿದ್ದ. ಅವನದೂ ಅದೇ ಮಾತ್ರೆ, ಹತ್ತರ ಸ್ಟ್ರಿಪ್ಪು. ಅಚ್ಚಾದ ಬೆಲೆ ತೊಂಬತ್ತೈದು, ನಮಗೆ ಎಪ್ಪತ್ತಾರು. ಅಂದರೆ ಎರಡು ಕಂಪನಿಗಳೂ ನಮಗೆ ಕೊಡುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಬೆಲೆಗೆ, ಮೇಲಿನ ಅಚ್ಚಿನಲ್ಲಿ ಮಾತ್ರ ಅಜಗಜಾಂತರ. ಮಾಮ ಆ ಸ್ಟ್ರಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ವಾಪಸ್ ಕೊಟ್ಟ.

“ಇದನ್ನಿಟ್ಕೊಂಡ್ರೆ ನನಗೇನಪ್ಪ ಸಿಗತ್ತೆ, ಮಣ್ಣಾ?”

ರೆಪ್ ಏನೋ ಹೇಳಲು ಹೋದ. ಹೊಸ ಹುಡುಗನೂ ಅಲ್ಲ, ನಲವತ್ತು ದಾಟಿದವನು. ಕೊನೆಗೆ “ನಾನೂ ನಮ್ಮ ಆಫೀಸಲ್ಲಿ ಇದೇ ಹೇಳ್ದೆ ಸರ್, ಬೆಲೆ ಏರ್ಸಿ ಅಂತ, ಕೇಳಲ್ಲ ಅವ್ರು” ಅಂತ ಮುಖ ಸಣ್ಣ ಮಾಡಿಕೊಂಡು ಹೋದ. ಅಗ್ಗದ ಮಾತ್ರೆ ಮಾರುತ್ತಿದ್ದೇನೆ ಅಂತ ಅವನಿಗೆ ನಾಚಿಕೆಯಾಗಿತ್ತು.

ಮಾಸ್ಟರ್ ಮುಂದಿನ ಸಲ ಬಂದಾಗ ಮಾಮ ತಾನೇ ಎದ್ದು ಹೋದ. “ಮಾಸ್ಟರ್, ನಿಮಗೋಸ್ಕರ ಬೇರೆ ತರಿಸಿದ್ದೀನಿ. ಅದೇ ಔಷಧಿ, ಒಳ್ಳೇ ಕಂಪನಿ. ನಿಮಗೆ ಅಂತ ಇಪ್ಪತ್ತು ಪರ್ಸೆಂಟ್ ಬಿಡ್ತೀನಿ, ಬೇರೆಯವ್ರಿಗೆ ಹೇಳ್ಬೇಡಿ.” ಮುನ್ನೂರ ಹನ್ನೆರಡಕ್ಕೆ ಒಂದು ಸ್ಟ್ರಿಪ್ಪು. ಮಾಸ್ಟರ್ ಎದೆಯ ಮೇಲೆ ಕೈಯಿಟ್ಟುಕೊಂಡು, “ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ, ಅಣ್ಣಾವ್ರೇ” ಅಂದರು. ಸರ್ಕಾರದ ಅಗ್ಗದ ಔಷಧಿ ಅಂಗಡಿಯಲ್ಲಿ ವಿಚಾರಿಸಲೇ ಅಂತಲೂ ಕೇಳಿದರು. “ಅಲ್ಲಿ ಇದು ಬಂದಿಲ್ಲ” ಅಂದ ಮಾಮ. ಅದು ನಿಜವೇ. ಆದರೆ ಅಷ್ಟಕ್ಕೆ ನಿಲ್ಲಿಸಲಿಲ್ಲ. “ಎಲ್ಲಾದ್ರೂ ನೂರು ರೂಪಾಯಿಗೆ ಕೊಡ್ತೀನಿ ಅಂದ್ರೆ ಮಾತ್ರ ಮುಟ್ಬೇಡಿ. ಡೂಪ್ಲಿಕೇಟ್ ಅದೆಲ್ಲ. ಹಾರ್ಟಿನ ವಿಷ್ಯ.”

ನಾನು ಅಲ್ಲೇ ನಿಂತಿದ್ದೆ. ಸ್ಟ್ರಿಪ್ಪುಗಳನ್ನು ಕವರಿಗೆ ಹಾಕಿಕೊಟ್ಟವಳೂ ನಾನೇ.

ಇದಾಗಿ ಒಂದೂವರೆ ತಿಂಗಳಿಗೆ ಮಾಮನ ಮಗಳ ಮದುವೆ ಬಂತು. ಹನ್ನೆರಡು ಬ್ಲೌಸು, ಗಂಡಸರ ಜುಬ್ಬಾಗಳು, ಮಾಮನಿಗೊಂದು ಸೂಟು, ಎಲ್ಲವನ್ನೂ ಮಾಸ್ಟರ್ ಹೊಲಿದರು. ಡಾಕ್ಟರು ಹೆಚ್ಚು ಹೊತ್ತು ಪೆಡಲ್ ತುಳಿಯಬೇಡಿ ಅಂದಿದ್ದರಿಂದ ಅರ್ಧ ಗಂಟೆ ಹೊಲಿದು ಅರ್ಧ ಗಂಟೆ ಗೋಡೆಗೆ ಒರಗಿ ಕೂರುತ್ತಿದ್ದರು. ನನಗೆ ಕೌಂಟರಿನಿಂದ ಎಲ್ಲ ಕಾಣುತ್ತಿತ್ತು. ಬಟ್ಟೆ ಇಸಿದುಕೊಳ್ಳುವ ದಿನ ಮಾಮ ಪರ್ಸು ತೆಗೆದ. ಮಾಸ್ಟರ್ ಅವನ ಕೈಯನ್ನು ಹಾಗೇ ಮಡಚಿ ಹಿಂದಕ್ಕೆ ತಳ್ಳಿದರು.

“ನೀವು ನನ್ನ ಪ್ರಾಣ ಉಳಿಸ್ತಾ ಇದ್ದೀರಿ. ನಿಮ್ಮ ಹತ್ರ ಹೊಲಿಗೆ ದುಡ್ಡು ತಗೊಂಡ್ರೆ ನಾನು ಮನುಷ್ಯನಾ?”

ಮಾಮ ಒಂದು ಸಲ ಬೇಡ ಅಂದ, ಎರಡನೇ ಸಲ ಅನ್ನಲಿಲ್ಲ. ಪರ್ಸು ಒಳಗೆ ಹೋಯಿತು. ಆ ಸೂಟನ್ನು ಹಾಕಿಕೊಂಡು ಅವನು ರಿಸೆಪ್ಷನ್ನಿನಲ್ಲಿ ಓಡಾಡುವುದನ್ನು ನೋಡುತ್ತ ನನಗೆ ಊಟ ಸೇರಲಿಲ್ಲ. ಭುಜದ ಹತ್ತಿರ ಎಷ್ಟು ಚೆನ್ನಾಗಿ ಕೂತಿತ್ತು ಅದು. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಅಮ್ಮ ಗದರಿದಳು.

ಮದುವೆಯಾದ ಮೇಲೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ದಿನಕ್ಕೆ ಎರಡು ಮಾತ್ರೆಯೆಂದರೆ ಒಂದು ಸ್ಟ್ರಿಪ್ಪು ಐದು ದಿನ ಬರಬೇಕು. ಮಾಸ್ಟರ್ ಹತ್ತು ದಿನಕ್ಕೊಮ್ಮೆ ಬಂದು ಒಂದೇ ಸ್ಟ್ರಿಪ್ಪು ಒಯ್ಯುತ್ತಿದ್ದರು. ಒಂದು ಸಂಜೆ ಟೀ ಲೋಟ ವಾಪಸ್ ಕೊಡುವ ನೆಪದಲ್ಲಿ ರಸ್ತೆ ದಾಟಿ ಹೋಗಿ ಕೇಳಿದೆ.

“ಬೆಳಿಗ್ಗೆದು ತಪ್ಪಿಸಲ್ಲ ಬೇಟಿ” ಅಂದರು. “ರಾತ್ರಿದು ಬಿಟ್ಟಿದ್ದೀನಿ. ರಾತ್ರಿ ಮಲಗಿರ್ತೀನಲ್ಲ, ಹಾರ್ಟಿಗೆ ಏನು ಕೆಲಸ? ಮಿಷನ್ ನಿಲ್ಲಿಸಿದ್ಮೇಲೆ ಯಾರಾದ್ರೂ ಎಣ್ಣೆ ಬಿಡ್ತಾರಾ?”

ನಲವತ್ತು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಕೂತವರು ಅವರು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಮಿಷನ್ನಿಗೆ ಎರಡು ತೊಟ್ಟು ಎಣ್ಣೆ, ಸಂಜೆ ಒರೆಸಿ ಬಟ್ಟೆ ಮುಚ್ಚುವುದು. ತಮ್ಮ ಹೃದಯವನ್ನೂ ಅದೇ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ನನಗೆ ನಗುವೂ ಬಂತು, ಭಯವೂ ಆಯಿತು. ಹಾಗಲ್ಲ ಮಾಸ್ಟರ್, ರಕ್ತ ರಾತ್ರಿಯೂ ಹರಿಯುತ್ತಲೇ ಇರುತ್ತದೆ, ಈ ಮಾತ್ರೆ ಒಂದು ಹೊತ್ತು ಬಿಟ್ಟರೂ ಕೆಲಸ ಕೆಡುತ್ತದೆ, ಎರಡೂ ತೆಗೆದುಕೊಳ್ಳಲೇಬೇಕು ಅಂತ ಕಡ್ಡಿ ಮುರಿದ ಹಾಗೆ ಹೇಳಿದೆ. “ಆಗ್ಲಿ, ಆಗ್ಲಿ” ಅಂದರು. ಅವರು ತೆಗೆದುಕೊಳ್ಳುವುದಿಲ್ಲ ಅಂತ ನನಗೆ ಗೊತ್ತಾಯಿತು. ತೊಂಬತ್ತೈದರ ಮಾತ್ರೆಯ ವಿಷಯ ನಾಲಿಗೆಯ ತುದಿಯವರೆಗೂ ಬಂದಿತ್ತು. ದಿನಕ್ಕೆ ಒಂದೇ ಮಾತ್ರೆಗೆ ಅವರು ತಿಂಗಳಿಗೆ ಕೊಡುತ್ತಿದ್ದ ದುಡ್ಡಿನಲ್ಲಿ ಅದರ ಎರಡೂ ಹೊತ್ತಿನದು ಬಂದು ಇನ್ನೂ ಮಿಗುತ್ತಿತ್ತು. ಲೋಟ ಕೊಟ್ಟು ವಾಪಸ್ ಬಂದೆ.

ಮಾಮನ ಹತ್ತಿರ ಹೇಳಿದೆ. ಅಷ್ಟಾದರೂ ಮಾಡಿದೆ ಅಂತ ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

“ಮಾಮ, ಅವರು ಒಂದೇ ಹೊತ್ತು ತಗೋತಾ ಇದ್ದಾರೆ. ಆ ತೊಂಬತ್ತೈದರದ್ದು ಅವರೊಬ್ಬರಿಗಾದ್ರೂ ತರಿಸ್ಕೊಡು.”

“ಅವ್ರಿಗೆ ಕೊಟ್ರೆ ಅವ್ರು ಇನ್ನೊಬ್ರಿಗೆ ಹೇಳ್ತಾರೆ. ಆಮೇಲೆ ಈ ಮುನ್ನೂರ ತೊಂಬತ್ತರ ಸ್ಟಾಕು ಯಾರ್ ತಗೋತಾರೆ, ನೀನಾ?”

“ಹಂಗಾದ್ರೆ ನಮಗೆ ಬರೋ ಬೆಲೆಗೆ ಕೊಡು.”

ಮಾಮ ಕೋಪ ಮಾಡಿಕೊಳ್ಳಲಿಲ್ಲ. ಬೇಸರದಿಂದ ಹೇಳಿದ. “ನೋಡಮ್ಮ, ಈ ಅಂಗಡಿ ಬಾಡಿಗೆ ಮೂರು ಪಟ್ಟಾಗಿದೆ. ಮೂಲೆ ಮೇಲೆ ದೊಡ್ಡ ಚೈನ್ ಅಂಗಡಿ ಬಂದು ಕೂತಿದೆ, ಫೋನಲ್ಲಿ ಒತ್ತಿದ್ರೆ ಮನೆಗೇ ಔಷಧಿ ಬರತ್ತೆ. ನಾನು ಬರೀ ದೊಡ್ಡ ಕಂಪನಿ ಮಾತ್ರೆ ಮಾರ್ಕೊಂಡು ಕೂತ್ರೆ ಕರೆಂಟ್ ಬಿಲ್ ಕಟ್ಟಕ್ಕಾಗಲ್ಲ. ನಿನ್ ಸಂಬಳ ಎಲ್ಲಿಂದ ಬರತ್ತೆ ಅಂದ್ಕೊಂಡಿದ್ದೀಯ? ಗೋಡೆ ಮೇಲೆ ನಿನ್ ಸರ್ಟಿಫಿಕೇಟೇ ಇರೋದು, ನೆನಪಿರ್ಲಿ.”

ಬಾಡಿಗೆಯ ಮಾತು ಸುಳ್ಳಾಗಿರಲಿಲ್ಲ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಾಗಿರಲಿಲ್ಲ, ಅದೇ ನನಗೆ ಇನ್ನೂ ರೇಜಿಗೆ ಹುಟ್ಟಿಸುತ್ತದೆ. ನನ್ನ ಸಂಬಳ ಅಲ್ಲಿಂದಲೇ ಬರುತ್ತಿತ್ತು. ಜೂನ್ ತಿಂಗಳ ಫೀಸು ಕಟ್ಟುವುದಿತ್ತು. ಮುಂದಿನ ಗಿರಾಕಿಯ ಚೀಟಿ ಇಸಿದುಕೊಂಡೆ.

ಮಳೆಗಾಲ ಶುರುವಾದ ಮೇಲೆ, ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಎದುರು ಅಂಗಡಿಯ ಕಟಿಂಗ್ ಟೇಬಲ್ಲಿನ ಮೇಲೆ ಮಾಸ್ಟರ್ ತಲೆಯಿಟ್ಟು ಮಲಗಿದ ಹಾಗೆ ಕಂಡಿತು. ದಣಿದಿದ್ದಾರೆ ಅಂದುಕೊಂಡೆ. ಯಾರೋ ಗಿರಾಕಿ ಕೂಗಿದ ಮೇಲೆ ಓಡಿದೆ. ಮೈ ತಣ್ಣಗೆ ಬೆವರಿತ್ತು. ಆಟೋದಲ್ಲಿ ಅವರ ಹೆಂಡತಿಯ ಜೊತೆ ನಾನೂ ಹೋದೆ. ಹೆಬ್ಬಾಳದ ಜಂಕ್ಷನ್ನಿನಲ್ಲಿ ಸಿಗ್ನಲ್ಲಿಗೆ ನಿಂತಷ್ಟು ಹೊತ್ತೂ ಮಾಸ್ಟರ್ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿದ್ದರು. ಬದುಕಿದರು. ಹಾಕಿದ್ದ ಸ್ಟೆಂಟಿನಲ್ಲೇ ರಕ್ತ ಹೆಪ್ಪುಗಟ್ಟಿತ್ತು. ಹೃದಯದ ಒಂದು ಭಾಗ ಇನ್ನು ಕೆಲಸ ಮಾಡುವುದಿಲ್ಲ, ಮಿಷನ್ ತುಳಿಯುವ ಮಾತೇ ಇಲ್ಲ ಅಂತ ಡಾಕ್ಟರು ಹೇಳಿದರು. ಮಾತ್ರೆ ಸರಿಯಾಗಿ ತಗೊಂಡಿದ್ರಾ ಅಂತ ಕೇಳಿದ್ದಕ್ಕೆ ಮಾಸ್ಟರ್ “ಎರಡೂ ಹೊತ್ತು” ಅಂದರು. ಬಡತನವನ್ನು ಡಾಕ್ಟರ ಮುಂದೆ ಹೇಳಿಕೊಳ್ಳುವವರಲ್ಲ ಅವರು. ಡಾಕ್ಟರು ಹಾಗೇ ಬರೆದುಕೊಂಡರು. ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ ನಾನು, ರಿಜಿಸ್ಟರ್ಡ್ ಫಾರ್ಮಸಿಸ್ಟ್, ಅದನ್ನೂ ನೋಡುತ್ತ ನಿಂತೆ.

ಆಸ್ಪತ್ರೆಯ ಖರ್ಚಿಗೆ ಎರಡು ಮಿಷನ್ನಿನಲ್ಲಿ ಒಂದನ್ನು ಮಾರಿದರು. ಮನೆಗೆ ಬಂದ ಹತ್ತನೇ ದಿನ ಅವರ ಹೆಂಡತಿ ಅಂಗಡಿಗೆ ಬಂದು ಆ ಮಾತ್ರೆ ಒಂದೇ ಸ್ಟ್ರಿಪ್ಪು ಕೇಳಿದರು. ಎರಡು ಕೊಡಲೇ ಅಂದರೆ, ಒಂದು ಸಾಕು, ಬೆಳಿಗ್ಗೆದಕ್ಕೆ ಅಂದರು. ನಾನು ಸ್ಟ್ರಿಪ್ಪು ಕೊಟ್ಟೆ, ದುಡ್ಡು ತೆಗೆದುಕೊಂಡೆ, ಒಳಗಿನ ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿಕೊಂಡೆ. ಇದನ್ನು ಅಲಂಕಾರಕ್ಕೆ ಬರೆಯುತ್ತಿಲ್ಲ.

ಮಾರನೇ ದಿನ ರಜ ಹಾಕಿ ಯಶವಂತಪುರಕ್ಕೆ, ತೊಂಬತ್ತೈದರ ಮಾತ್ರೆ ಇಟ್ಟಿದ್ದ ಸ್ಟಾಕಿಸ್ಟಿನ ಗೋಡೌನಿಗೆ ಹೋದೆ. ಅಲ್ಲಿದ್ದವನು ಕೆಳಗಿನ ಶೆಲ್ಫಿನ ಮೂಲೆಯಿಂದ ಬಾಕ್ಸು ಎಳೆದು, ಊದಿ ಧೂಳು ಹಾರಿಸಿದ.

“ಇದನ್ನ ಯಾರೂ ಕೇಳಲ್ಲ, ಮೇಡಂ. ಬೆಲೆ ಕಡಿಮೆ. ವಾಪಸ್ ಕಳಿಸೋಣ ಅಂತಿದ್ವಿ.”

ಆರು ಸ್ಟ್ರಿಪ್ಪು ತೆಗೆದುಕೊಂಡೆ. ಹಿಂದಿನ ಸಂಜೆಯೇ ಮಾಮ ದೇವರ ದೀಪ ಹಚ್ಚುತ್ತಿದ್ದಾಗ ಟೇಬಲ್ಲಿನ ಮೇಲಿದ್ದ ಅವನ ಬೀಗದಕೈಯಿಂದ ಕೆಳಗಿನ ಖಾನೆ ತೆರೆದು, ಎಪ್ಪತ್ತೆಂಟಕ್ಕೆ ಬಂದ ಮಾತ್ರೆಯ ಬಿಲ್ಲನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡಿದ್ದೆ. ಅದನ್ನು ತೋರಿಸಿದ ಮೇಲೆ ಆ ಅಂಗಡಿಗೆ ವಾಪಸ್ ಹೋಗುವ ಹಾಗಿಲ್ಲ ಅಂತ ಗೊತ್ತಿತ್ತು. ಬಸ್ಸಿನಲ್ಲಿ ಇಡೀ ದಾರಿ, ಬಿಲ್ಲು ತೋರಿಸದೆ ಕೆಲಸ ಆಗಬಹುದು, ಬರೀ ಮಾತ್ರೆ ಕೊಟ್ಟು ಬಂದರೂ ಸಾಕು ಅಂತಲೇ ಯೋಚಿಸುತ್ತಿದ್ದೆ.

ಮಧ್ಯಾಹ್ನ ಮೂರು ಗಂಟೆ. ಮನೆಯಲ್ಲಿ ಮಾಸ್ಟರ್ ಕಿಟಕಿಯ ಹತ್ತಿರ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಅವರ ಹೆಂಡತಿ ಕೆಳಗೆ ಚಾಪೆಯ ಮೇಲೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ನಾನು ಸ್ಟ್ರಿಪ್ಪುಗಳನ್ನು ಮಂಚದ ಮೇಲಿಟ್ಟೆ. ಅದೇ ಔಷಧಿ, ಇನ್ನು ಮೇಲೆ ಇದನ್ನು ತೆಗೆದುಕೊಳ್ಳಿ, ಎರಡೂ ಹೊತ್ತು ಅಂದೆ. ಮಾಸ್ಟರ್ ಕನ್ನಡಕ ಹಾಕಿಕೊಂಡು ಒಂದನ್ನು ತಿರುಗಿಸಿ ಬೆಲೆ ನೋಡಿದರು. ನಕ್ಕರು.

“ಇದು ಬೇಡ ಬೇಟಿ, ಡೂಪ್ಲಿಕೇ‌ಟು. ನೂರು ರೂಪಾಯಿ ಒಳಗಿಂದು ಮುಟ್ಬೇಡಿ ಅಂತ ಅಣ್ಣಾವ್ರು ಮೊದ್ಲೇ ಹೇಳಿದ್ದಾರೆ. ಯಾರೋ ನಿನಗೆ ಮೋಸ ಮಾಡಿದ್ದಾರೆ.”

ಡೂಪ್ಲಿಕೇಟ್ ಅಲ್ಲ ಅಂದೆ. ಓದಿದವಳು ನಾನು, ನನ್ನ ಮಾತು ನಂಬಿ ಅಂದೆ. ಮಗಳ ಆಣೆ ಇಟ್ಟೆ. ಅವರು ನನ್ನನ್ನು ಸಮಾಧಾನ ಮಾಡುವ ಹಾಗೆ ತಲೆಯಾಡಿಸಿ, ಸ್ಟ್ರಿಪ್ಪುಗಳನ್ನು ಜೋಡಿಸಿ ನನ್ನ ಕಡೆಗೇ ಸರಿಸಿದರು. “ಒಳ್ಳೇದು ಅಂದ್ರೆ ಇಷ್ಟಕ್ಕೆ ಹೆಂಗೆ ಬರತ್ತೆ, ನೀನೇ ಹೇಳು. ನಂಗೆ ಒಳ್ಳೇದು ಒಂದೇ ಸಾಕು.”

ಆಗ ಬಿಲ್ಲು ತೆಗೆದುಕೊಟ್ಟೆ. ಇಂಗ್ಲಿಷು ಅವರಿಗೆ ಅಷ್ಟಕ್ಕಷ್ಟೆ. ಆದರೆ ತಾವು ಇಷ್ಟು ತಿಂಗಳು ನುಂಗಿದ ಮಾತ್ರೆಯ ಹೆಸರು ಗುರುತಿತ್ತು, ಟೇಪು ಹಿಡಿದವರಿಗೆ ಅಂಕಿ ಕಷ್ಟವಲ್ಲ. ಬೆರಳಿಟ್ಟು ಗೆರೆಯ ಉದ್ದಕ್ಕೂ ಹೋದರು. ಎಪ್ಪತ್ತೆಂಟರ ಹತ್ತಿರ ಬೆರಳು ನಿಂತಿತು.

“ಇದು ಹತ್ತು ಮಾತ್ರೆಗಾ?”

“ಹೌದು, ಮಾಸ್ಟರ್.”

“ಅಣ್ಣಾವ್ರಿಗೆ ಇಷ್ಟಕ್ಕೆ ಬರ್ತಿತ್ತಾ?”

“ಹೌದು.”

ಬಿಲ್ಲಿನ ಮೇಲಿನ ತಾರೀಖನ್ನೂ ಬೆರಳಿಟ್ಟು ನೋಡಿದರು. ಆಮೇಲೆ ತಲೆ ಎತ್ತದೆ ಕೇಳಿದರು. “ನಿಂಗೆ ಯಾವಾಗಿಂದ ಗೊತ್ತು?”

ಆಟೋದಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದವರಿಗೆ ಸುಳ್ಳು ಹೇಳಲು ಆಗಲಿಲ್ಲ. ಆಗಿದ್ದರೆ ಹೇಳುತ್ತಿದ್ದೆ.

“ಮೊದಲನೇ ದಿನದಿಂದ. ಬೆಲೆ ಮಾತಾಡುವಾಗ ನಾನೂ ಅಲ್ಲೇ ಇದ್ದೆ.”

ಮಾಸ್ಟರ್ ಬಿಲ್ಲನ್ನು ಹಳೆಯ ಮಡಿಕೆಯ ಮೇಲೇ ಮಡಚಿ ನನಗೆ ವಾಪಸ್ ಕೊಟ್ಟರು. ಬೈಯಲಿಲ್ಲ. ನಾನು ತಂದ ಸ್ಟ್ರಿಪ್ಪಿನಿಂದ ಒಂದು ಮಾತ್ರೆ ಒತ್ತಿ ತೆಗೆದು ಬಾಯಿಗೆ ಹಾಕಿಕೊಂಡು, ಪಕ್ಕದಲ್ಲಿದ್ದ ಲೋಟದ ನೀರು ಕುಡಿದು, ಕಿಟಕಿಯ ಕಡೆ ತಿರುಗಿ ಕೂತರು. ಅವರ ಹೆಂಡತಿಗೆ ಓದಲು ಬಾರದು. ಸೊಪ್ಪು ಕೈಯಲ್ಲಿ ಹಿಡಿದುಕೊಂಡೇ ಒಮ್ಮೆ ಗಂಡನನ್ನು, ಒಮ್ಮೆ ನನ್ನನ್ನು ನೋಡಿದರು.

“ರಾತ್ರಿದೂ ತಗೋಬಹುದಾ ಇದು?”

“ತಗೋಬೇಕು, ಆಂಟಿ. ದಿನಾ ಎರಡು.”

“ಈಗ ಇಳೀತಾ ರೇಟು?”

“ಇಲ್ಲ. ಆರು ತಿಂಗಳಾಯ್ತು ಇದು ಬಂದು.”

ಅವರು ಸೊಪ್ಪನ್ನು ಚಾಪೆಯ ಮೇಲಿಟ್ಟರು. ಬೆರಳ ಗೆಣ್ಣುಗಳ ಮೇಲೆ ಏನನ್ನೋ ಎಣಿಸಿ, ಬಹಳ ಮೆತ್ತಗೆ ಕೇಳಿದರು.

“ಹಾಗಿದ್ರೆ ಮೊದ್ಲಿಂದಾನೇ ಎರಡೂ ತಗೋಬಹುದಿತ್ತಾ, ಬೇಟಿ?”

“ತಗೋಬಹುದಿತ್ತು” ಅಂದೆ.